ಮಂಗಲವಾಗದ ಹೊಳೆಯ ಪುಸ್ತಕ

ಈಚೆಗೆ ಏನು ಓದಿದಿರಿ, ನಾವು ಏನು ಓದಬೇಕು, ಬರೆದುಕೊಡಿ ಎಂದು ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘದವರು ಕೇಳಿದ್ದಾರೆ. ಕೇಳಿದ ದಿನದಿಂದ ನನಗೆ ಅನ್ನ ರುಚಿಸಿಲ್ಲ, ಅಷ್ಟು ಹಿಗ್ಗು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟ ಮುದುಕಿಯನ್ನು ಓದಿನ ಮಾತು ಕೇಳುವ ಕಾಲ ಬಂತಲ್ಲ! ಕಿತ್ತೂರಿನಿಂದ ರಜೆಗೆ ಬಂದಿರುವ ಮೊಮ್ಮಗಳು ನನ್ನ ಬೆನ್ನಿಗೆ ಜೋತುಬಿದ್ದು ಹಾಳೆಯನ್ನು ಇಣುಕಿ ನೋಡುತ್ತಾಳೆ.

"ಆಯಿ, ನಿನ್ನ ಸಾಲು ಎಲ್ಲಾ ಗುಡ್ಡ ಏರಾಕತ್ಯಾವು ನೋಡು."

ಏರಲಿ ಬಿಡಿ.

ಎಮ್ಮೆಯ ರೋಗಗಳ ಬಗ್ಗೆ ಒಬ್ಬ ದನದ ಡಾಕ್ಟರು ಬರೆದ ಪುಸ್ತಕ ಓದಿದೆ. ನಮ್ಮಲ್ಲಿ ಎಮ್ಮೆ ಇಲ್ಲ. ಆದರೂ ಒಂದು ಅಕ್ಷರ ಬಿಡದೆ ಓದಿದೆ. ಮಾತು ಬಾರದ ಜೀವಕ್ಕೆ ಎಲ್ಲಿ ನೋಯುತ್ತಿದೆ ಎಂದು ತಿಳಿಯುವುದು ಹೇಗೆ ಎಂಬುದನ್ನು ಆತ ಬಹಳ ಅಂತಃಕರಣದಿಂದ ಬರೆದಿದ್ದಾನೆ. ಎಳೆಗೂಸು ಇರುವ ಮನೆಯವರು ಓದಬೇಕು. ಕಾಶಿಗೆ ಹೋಗಿ ಬಂದ ಹಿರಿಯರೊಬ್ಬರದು ಇನ್ನೊಂದು. ಗಂಗೆಯ ಮಾತು ಸ್ವಲ್ಪ, ಉಳಿದದ್ದೆಲ್ಲ ದಾರಿಯಲ್ಲಿ ಜೋಳದ ರೊಟ್ಟಿ ಸಿಗಲಿಲ್ಲವೆಂಬ ಗೋಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಊಟ ಮಾಡುತ್ತ ಮಾತ್ರ ಓದಬೇಡಿ, ತುತ್ತು ನೆತ್ತಿಗೇರುತ್ತದೆ.

ಆದರೆ ಒಂದೇ ಪುಸ್ತಕ ಹೇಳು ಅಂದರೆ ನನ್ನ ಕೈ ಹೋಗುವುದು ಹೊಳೆಯ ಪುಸ್ತಕದ ಕಡೆಗೆ. ಈ ರಜೆಯಲ್ಲಿ ಅದನ್ನು ಎರಡನೆಯ ಸಲ ಹಿಡಿದಿದ್ದೇನೆ. ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮುಟ್ಟಿದರೆ ಇವತ್ತಿಗೂ ಅಂಗೈ ಬೆವರುತ್ತದೆ. ಯಾಕೆ ಎಂದು ಹೇಳದೆ ಓದಿ ಎನ್ನುವುದು ಸರಿಯಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಕಿತ್ತೂರಿನಲ್ಲಿ ಬಸುರಿಯ ಕುಬಸದ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆ ಬೈಲಹೊಂಗಲಕ್ಕೆ, ನಮ್ಮ ಮನೆಗೆ, ಬಂದಿದ್ದಳು. ಬಂದ ಕೆಲವೇ ದಿನಗಳಲ್ಲಿ ಕಾಲು ಬಾತವು. ಬಿ.ಪಿ. ಏರಿದೆ, ಉಪ್ಪು ಬಿಡಿಸಿ, ಎಡಮಗ್ಗುಲಾಗಿ ಮಲಗಿಸಿ, ಮನಸ್ಸಿಗೆ ಚಿಂತೆ ಹತ್ತಗೊಡಬೇಡಿ ಎಂದು ಡಾಕ್ಟರ್ ಬಾಯಿ ಹೇಳಿದರು. ಉಪ್ಪು ಬಿಡಿಸಬಹುದು, ಮಲಗಿಸಬಹುದು, ಚಿಂತೆಯನ್ನು ಬಿಡಿಸುವುದು ಹೇಗೆ? ಮನೆಯವರು ಕಿರಾಣಿ ಅಂಗಡಿ ಮುಚ್ಚಿ ಬರುವಾಗ ವಾಚನಾಲಯದಿಂದ ಒಂದು ಕಾದಂಬರಿ ತಂದರು. ಅದಕ್ಕೆ ರಟ್ಟೂ ಇರಲಿಲ್ಲ, ಹೆಸರಿನ ಹಾಳೆಯೂ ಇರಲಿಲ್ಲ. ಯಾರೋ ಖಾಕಿ ಅರಿವೆ ಹಚ್ಚಿ ಹೊಲಿದಿದ್ದರು.

ಮಲಗಿ ಓದಿದರೆ ಮಗಳಿಗೆ ತಲೆ ಸುತ್ತುತ್ತಿತ್ತು. ಹಾಗಾಗಿ ಓದುವುದು ನನ್ನ ಪಾಲಿಗೆ ಬಂತು. ನಾನು ಓದು ಎಂಬುದನ್ನು ನೋಡಿದ್ದು ಮಠದಲ್ಲಿ. ಶ್ರಾವಣ ಬಂತೆಂದರೆ ಅಲ್ಲಿ ಪುರಾಣ ಹಚ್ಚುತ್ತಾರೆ. ದಿನಾ ಸಂಜೆ ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ, ಕಡೆಯ ದಿನ ಆರತಿ ಎತ್ತಿ ಮಂಗಲ ಮಾಡುತ್ತಾರೆ. ನನಗೆ ಓದುವ ಬೇರೆ ರೀತಿಯೇ ಗೊತ್ತಿರಲಿಲ್ಲ. ಕೈಕಾಲು ತೊಳೆದೆ, ವಿಭೂತಿ ಹಚ್ಚಿಕೊಂಡೆ, ದೀಪ ಹಚ್ಚಿದೆ, ಪುಸ್ತಕವನ್ನು ಮಣೆಯ ಮೇಲಿಟ್ಟೆ, ಶಾಸ್ತ್ರಿಗಳ ಹಾಗೆಯೇ ರಾಗ ಎಳೆದು ಶುರುಮಾಡಿದೆ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಾ, ಅದು ಕಾದಂಬರಿ. ಪುರಾಣ ಅಲ್ಲ."

"ಪುಸ್ತಕ ಅಂದಮ್ಯಾಲ ಪುಸ್ತಕನ. ಸುಮ್ಮನ ಕೇಳು."

"ಹೀರೋ ಸೈಕಲ್ ಹತ್ತಿ ಹೋದದ್ದಕ್ಕೂ ರಾಗಾ ಎಳೀತಿ ಏನ?"

"ಎಳೀತೇನಿ. ಹತ್ತಲಿ ಅಂವ."

ಅವಳು ನಕ್ಕದ್ದೇ ನನಗೆ ದೊಡ್ಡದು. ಆದರೆ ಹಾಗೆ ದೀಪ ಹಚ್ಚಿ ಶುರುಮಾಡಿದ ಮೇಲೆ ಅದು ನನ್ನ ಪಾಲಿಗೆ ಪುರಾಣವೇ ಆಯಿತು. ಹಚ್ಚಿದ ಪುರಾಣಕ್ಕೆ ಮಂಗಲ ಆಗಲೇಬೇಕು, ನಡುವೆ ನಿಂತರೆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಮಗಳೂ ಅದನ್ನು ಕೇಳುತ್ತಲೇ ಬೆಳೆದವಳು.

ಕತೆ ಹೀಗಿದೆ. ಹೊಳೆಯ ದಂಡೆಯ ಊರು. ಅಲ್ಲಿನ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಇದು ಗೊತ್ತಾದಾಗಲೇ ನಾನು ಪುಸ್ತಕ ಮುಚ್ಚಲು ಹೋದೆ. ಆದರೆ ಮಗಳಿಗೆ ಅದೇ ರುಚಿ. "ಅಕಿಗೂ ಕಾಲು ಬಾತಾವಂತ?" ಎಂದು ಕೇಳುವಳು. ದಿನಾ ಮಧ್ಯಾಹ್ನ ಓದಿದೆವು. ಹುಡುಗಿಗೆ ನೋವು ಕಾಣಿಸಿಕೊಂಡಾಗ ಹೊಳೆ ತುಂಬಿ ಬರುತ್ತದೆ. ಸೂಲಗಿತ್ತಿ ಆಚೆ ದಂಡೆಯ ಊರಲ್ಲಿ. ಅಂಬಿಗ ದೋಣಿ ಬಿಡಲು ಒಲ್ಲೆ ಎನ್ನುತ್ತಾನೆ. ಹುಡುಗಿಯ ಕಣ್ಣು ಮೇಲಾಗುತ್ತವೆ. ತಾಯಿ ಹೊರಗೆ ಓಡಿಬಂದು ನೋಡಿದರೆ ಆಚೆ ದಂಡೆಯಲ್ಲಿ ಒಂದು ಕಂದೀಲು ಅಲುಗಾಡುತ್ತದೆ.

ಹಾಳೆ ತಿರುವಿದೆ. ಹಾಳೆ ಇರಲಿಲ್ಲ. ಹೊಲಿಗೆಯ ದಾರ ಮಾತ್ರ ಇತ್ತು.

"ಅವ್ವಾ, ಯಾಕ ನಿಲ್ಲಿಸಿದಿ?"

"ಗಂಟಲ ಕಟ್ತವಾ. ನಾಳಿ ಓದೂಣು."

ನನ್ನ ದನಿಯಲ್ಲೇ ಅವಳಿಗೆ ತಿಳಿಯಿತು. ಕೈಚಾಚಿ ಪುಸ್ತಕ ತೆಗೆದುಕೊಂಡಳು, ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮುಖದ ನಗು ಹಾಗೆಯೇ ಇಳಿಯಿತು.

"ಅವ್ವಾ, ಅಕಿ..."

"ಬಿಡ್ತು ಅನ್ನು!" ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ಅವಳು ಬಿಡ್ತು ಅಂದಳು. ಗೋಡೆಯ ಕಡೆ ಹೊರಳಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮರುದಿನ ತೋರಿಸಲು ಹೋದಾಗ ಬಿ.ಪಿ. ಇನ್ನೂ ಏರಿತ್ತು. ಏನಾದರೂ ಚಿಂತೆ ಹಚ್ಚಿಕೊಂಡಾಳೇನು ಎಂದು ಡಾಕ್ಟರ್ ಬಾಯಿ ಕೇಳಿದರು. ಪುಸ್ತಕದ ಹಾಳೆ ಕಳೆದಿದೆ ಎಂದು ಯಾವ ಬಾಯಿಂದ ಹೇಳಲಿ? ಎಮ್ಮೆಯ ಪುಸ್ತಕ ಆಗ ಓದಿರಲಿಲ್ಲ, ಆದರೂ ಎಲ್ಲಿ ನೋಯುತ್ತಿದೆ ಎಂದು ನನಗೆ ಗೊತ್ತಿತ್ತು.

ಮನೆಯವರನ್ನು ವಾಚನಾಲಯಕ್ಕೆ ಅಟ್ಟಿದೆ. ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು ವಾಪಸು ಬಂದರು. "ಆ ಪುಸ್ತಕ ಬಂದಿದ್ದ ಹಂಗಂತ. ಇನ್ನೊಂದು ಪ್ರತಿ ಕೊಡ್ರಿ ಅಂದ್ರ, ಹೆಸರ ಹೇಳ್ರಿ ಅಂತಾರ. ಹೆಸರಿಲ್ಲದ ಮನಶಾನ್ನ ಪೊಲೀಸರಿಗೇ ಹುಡಕಾಕ ಬರೂದಿಲ್ಲ, ನಾ ಎಲ್ಲಿ ಹುಡಕ್ಲಿ?"

ಹೆಸರಿಲ್ಲದಿದ್ದರೇನು, ಕತೆ ಇತ್ತಲ್ಲ. ಕಂಡ ಕಂಡವರಿಗೆಲ್ಲ ಕತೆ ಹೇಳತೊಡಗಿದೆ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟುಕೊಂಡು ಪಾಳಿಗೆ ನಿಂತವರ ಮುಂದೆ, ಮಷೀನಿನ ಸದ್ದಿಗಿಂತ ಮೇಲೆ ಕೂಗಿ ಕೂಗಿ ಹೇಳಿದೆ. ಕಂದೀಲಿನವರೆಗೆ ಬಂದು ನಿಲ್ಲಿಸಿದಾಗ ಎಲ್ಲರೂ ನನ್ನ ಮೇಲೆ ಬಿದ್ದರು.

"ಮುಂದ? ಮುಂದೇನಾತು ಹೇಳ್ರಿ!"

"ಅದನ್ನ ನಾ ನಿಮ್ಮನ್ನ ಕೇಳಾಕತ್ತೇನಿ!"

ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ ಒಬ್ಬಳು, ರಾಮದುರ್ಗದಿಂದ ಇಲ್ಲಿಗೆ ಕೊಟ್ಟವಳು, ಹೇಳಿದಳು: "ಈ ಕತಿ ನಮ್ಮ ಸಾಲಿ ಅಕ್ಕೋರು ಹೊಲಿಗಿ ಕಲಿಸುವಾಗ ಹೇಳ್ತಿದ್ರು. ಕಡೀಕ ಏನಾತೋ ಮರ್ತೇನಿ. ಅವರ ಮನ್ಯಾಗ ಪುಸ್ತಕ ಐತಿ ನೋಡ್ರಿ."

ಬಸುರಿಯನ್ನು ಬಿಟ್ಟು ರಾಮದುರ್ಗಕ್ಕೆ ಹೋಗುವುದು ಹೇಗೆ ಎಂಬ ಚಿಂತೆಯಲ್ಲಿದ್ದಾಗ ಮಗಳ ಅತ್ತೆ, ನನ್ನ ಬೀಗತಿ, ಸೊಸೆಯನ್ನು ನೋಡಲು ಕಿತ್ತೂರಿನಿಂದ ಬಂದರು. ಎತ್ತರದ ಆಳು, ಗಂಡುದನಿ, ಓದು ಬರಹ ಇಲ್ಲ. ಅವರ ಮುಂದೆ ಪುಸ್ತಕದ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ. ನನ್ನ ಸೊಸೆಗೆ ಕತೆ ಓದಿ ಹೆದರಿಸಿದಿರಾ ಎಂದರೆ? ಹೆರಿಗೆಯಾದ ಮೇಲೆ ಉಂಡಿ ಕಟ್ಟಲು ತಿನ್ನುವ ಅಂಟು ತರಬೇಕು, ರಾಮದುರ್ಗಕ್ಕೆ ಹೋಗಿ ಬರುತ್ತೇನೆ ಅಂದೆ.

"ಯಾಕ್ರಿ ಬೀಗರ, ಬೈಲಹೊಂಗಲದಾಗ ಅಂಟು ಸಿಗೂದಿಲ್ಲೇನು? ನಿಮ್ಮವರದ ಅಂಗಡಿ ಐತೆಲ್ಲ."

"ರಾಮದುರ್ಗದ ಅಂಟು ಬ್ಯಾರೇನ ಇರತೈತ್ರಿ."

"ಹೌದ್ರಿ, ಹೌದು. ದೂರದ ಊರ ಉಸುಕೂ ಬ್ಯಾರೇನ ಇರತೈತಿ. ಹೋಗಿ ಬರ್ರಿ, ನಾ ಇರತೇನಿ."

ಸವದತ್ತಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಸವದತ್ತಿಯ ಸ್ಟ್ಯಾಂಡಿನಲ್ಲಿ ದೇವಿಯ ಗುಡ್ಡದ ಕಡೆ ಮುಖ ಮಾಡಿ ಕೈ ಮುಗಿದೆ. ಮುಂದೆ ತೊರಗಲ್ಲಿನ ಹತ್ತಿರ ಬಸ್ಸು ನಿಂತುಬಿಟ್ಟಿತು. ಇಂಜಿನ್ನು ಕಾದಿದೆ ಎಂದು ಡ್ರೈವರ್ ಇಳಿದು ಕೊಡದಿಂದ ನೀರು ಹುಯ್ಯುತ್ತ ನಿಂತ. ಕೋಟೆಯ ಗೋಡೆ ಬಿಸಿಲಲ್ಲಿ ಸುಮ್ಮನೆ ನಿಂತಿತ್ತು. ನನಗೆ ಒಂದೇ ಹೆದರಿಕೆ: ಹೊಳೆ ದಾಟದ ಸೂಲಗಿತ್ತಿಯ ಹಾಗೆ ನಾನೂ ಈಚೆಯಲ್ಲೇ ಉಳಿದರೆ? ಯಾರಾದರೂ ಪಕ್ಕದಲ್ಲಿ ಕುಳಿತು ಮಾತಾಡಿಸಿದ್ದರೆ ಅತ್ತುಬಿಡುತ್ತಿದ್ದೆ. ಸದ್ಯ, ಪಕ್ಕದವಳು ನಿದ್ದೆ ಹೊಡೆಯುತ್ತಿದ್ದಳು.

ರಾಮದುರ್ಗದಲ್ಲಿ ಅಕ್ಕೋರ ಮನೆ ಯಾವುದೆಂದು ಕೇಳಿದರೆ ಸಣ್ಣವರಿಂದ ಹಿಡಿದು ಎಲ್ಲರೂ ತೋರಿಸಿದರು. ಆಚಾರವಂತರ ಹಳೆಯ ಮನೆ. ಅಕ್ಕೋರು ನೌಕರಿ ಮುಗಿಸಿ ಬಹಳ ವರ್ಷ ಆಗಿತ್ತು. ನಾನು ಕತೆ ಹೇಳುತ್ತಿದ್ದಂತೆ ಅರ್ಧಕ್ಕೇ ಎದ್ದು ಹೋಗಿ ಟ್ರಂಕು ತೆಗೆದರು. ಅವರ ಪುಸ್ತಕದ ಮೊದಲಿನ ಭಾಗವನ್ನೆಲ್ಲ ಗೆದ್ದಲು ತಿಂದಿತ್ತು. ಕೊನೆ ಮಾತ್ರ ಗಟ್ಟಿಯಾಗಿತ್ತು.

"ನೋಡ್ರಿ ಹೆಂಗದ. ನಿಮ್ಮದರ ಕಡೀ ಇಲ್ಲ, ನಮ್ಮದರ ಮೊದಲಿಲ್ಲ," ಎಂದು ನಕ್ಕರು. "ಹೆಸರು ನನಗೂ ನೆನಪಿಲ್ಲ. ಹೊಳೀ ಪುಸ್ತಕ ಅಂತಿದ್ವಿ. ಕುಂತ್ಕೋರಿ, ಮೊದಲಿಂದ ಹೇಳ್ರಿ. ನಾನೂ ಮರ್ತೇನಿ."

ಹೇಳಿದೆ. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ನನ್ನ ಮಗಳ ವಿಚಾರ ಕೇಳಿದರು. ಚೊಚ್ಚಲು, ನಮ್ಮಲ್ಲೇ ಬಾಣಂತನ ಎಂದಷ್ಟೇ ಹೇಳಿದೆ. ಕೇಳಬೇಕಾದ ಒಂದು ಮಾತು ಗಂಟಲಲ್ಲಿತ್ತು: ಆ ಹುಡುಗಿ ಬದುಕುತ್ತಾಳೋ ಇಲ್ಲವೋ? ಬಸುರಿ ಮಗಳನ್ನು ಮನೆಯಲ್ಲಿಟ್ಟುಕೊಂಡು ಅಂಥ ಮಾತನ್ನು ಹೇಗೆ ನುಡಿಯುವುದು? ಅಕ್ಕೋರು ಪುಸ್ತಕವನ್ನು ಒಂದು ಅರಿವೆಯಲ್ಲಿ ಸುತ್ತಿ ದಾರ ಕಟ್ಟಿದರು. ಕೊಡುವಾಗ ನನ್ನ ಮುಖ ನೋಡಿ, "ಒಂದ ಮಾತು ಕೇಳ್ತೀರೇನು? ಕಡೀ ಹಾಳಿ ಈಗ ಓದಬ್ಯಾಡ್ರಿ. ಮಗಳ ಬಾಣಂತನ ಎಲ್ಲಾ ಮುಗೀಲಿ, ಆಮ್ಯಾಲ ಓದ್ರಿ. ನಾನೂ ಹೆಣ್ಣಮಗಳನ್ನ ಹಡದಾಕಿ, ಅದಕ್ಕ ಹೇಳ್ತೇನಿ," ಅಂದರು.

ಅಷ್ಟು ಸಾಕಾಯಿತು. ಇನ್ನೇನು ಉಳಿಯಿತು ಊಹಿಸಲು? ತಿರುಗಿ ಬರುವ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮುಟ್ಟಲೂ ಆಗದೆ ಬಿಡಲೂ ಆಗದೆ ಕುಳಿತೆ. ಓದದಿದ್ದರೆ ಮಂಗಲ ಇಲ್ಲ. ಓದಿದರೆ ಅಕ್ಕೋರು ಬೇಡ ಎಂದದ್ದನ್ನು ನನ್ನ ಬಾಯಿಂದಲೇ ಬಸುರಿ ಮಗಳ ಮುಂದೆ ನುಡಿದ ಹಾಗೆ.

ಬೈಲಹೊಂಗಲದಲ್ಲಿ ಇಳಿದು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬಾಗಿಲಿಗೆ ಕೀಲಿ ಹಾಕಿತ್ತು.

ಪಕ್ಕದ ಮನೆಯಾಕೆ ಓಡಿಬಂದಳು. "ದವಾಖಾನಿಗೆ ಕರಕೊಂಡ ಹೋಗ್ಯಾರ್ರಿ. ಕಣ್ಣಿಗೆ ಕತ್ತಲಿ ಬರಾಕತ್ತೈತಿ ಅಂದ್ಲು."

ಆ ದಾರಿಯನ್ನು ಹೇಗೆ ಹೋದೆನೋ ನೆನಪಿಲ್ಲ. ಚಪ್ಪಲಿ ಒಂದು ಎಲ್ಲೋ ಬಿದ್ದುಹೋಗಿತ್ತು. ದವಾಖಾನೆಯ ಬಾಕಿನ ಮೇಲೆ ಮನೆಯವರು ನೆಲ ನೋಡುತ್ತ ಕುಳಿತಿದ್ದರು. ಬೀಗತಿ ಒಳಗಿನ ಬಾಗಿಲಿಗೆ ಅಡ್ಡಲಾಗಿ, ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದರು. ದಿನ ತುಂಬುವ ಮೊದಲೇ ನೋವು ಬಂದಿದೆ, ಬಿ.ಪಿ. ಇಳಿಯುತ್ತಿಲ್ಲ, ತಾಯಿಯ ವಿಷಯ ಈಗಲೇ ಏನೂ ಹೇಳಲಾಗದು ಎಂದು ಡಾಕ್ಟರ್ ಬಾಯಿ ಹೇಳಿ ಒಳಗೆ ಹೋಗಿದ್ದರಂತೆ.

ಬೀಗತಿ ನನ್ನ ಕೈಯಲ್ಲಿದ್ದ ಗಂಟು ನೋಡಿದರು. "ಬಂದ್ರಿ? ಅಂಟು ತಂದ್ರೇನು?"

ಅಂಟು! ಅಂಟಿನ ನೆನಪೇ ಇರಲಿಲ್ಲ. ನನಗೆ ಅಳು ಬಂತು. ಬಾಕಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿಬಿಟ್ಟೆ: ದೀಪ ಹಚ್ಚಿ ಓದಿದ್ದು, ಹಾಳೆ ಮುಗಿದದ್ದು, ಕಂದೀಲು, ಅಕ್ಕೋರ ಮಾತು, ಎಲ್ಲ. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿದೆ. ಮನೆಯವರು, "ಏ, ಹುಚ್ಚಿ, ಪುಸ್ತಕಕ್ಕೂ ಇದಕ್ಕೂ ಏನ ಸಂಬಂಧ?" ಅಂದರು. ಆದರೆ ಅವರ ಕಣ್ಣೂ ಗಂಟಿನ ಮೇಲೆಯೇ ಇತ್ತು.

ಬೀಗತಿ ಬೈಯಲಿಲ್ಲ, ನಗಲೂ ಇಲ್ಲ. ಪಕ್ಕದಲ್ಲಿ ಬಂದು ಕುಳಿತರು. "ತೊಟ್ಟಲ ಆತೇನ್ರಿ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ಪುರಾಣದಾಗ ಕೂಸು ಹುಟ್ಟೂ ದಿನಾ ನಾವು ಮಠಕ್ಕ ತೊಟ್ಟಲ ಒಯ್ದು ತೂಗೂದಿಲ್ಲೇನು? ಸಕ್ರಿ ಹಂಚೂದಿಲ್ಲೇನು? ನಿಮ್ಮ ಪುಸ್ತಕದಾಗ ಕೂಸು ಹುಟ್ಟೂದು ಬಂದೈತಿ. ನೀವು ಓದೂದು ಬಿಟ್ಟು ಬಸ್ ಹತ್ತೀರಿ. ತೊಟ್ಟಲಾ ಕಟ್ಟಾವ್ರ ಯಾರು?"

"ಅಲ್ರಿ, ಮಂಗಲ..."

"ನಮ್ಮೂರಾಗ ಒಂದ ವರ್ಷ ಶಾಸ್ತ್ರಿಗೋಳು ಜ್ವರಾ ಬಂದು ಬಿದ್ರು. ತೊಟ್ಟಲದ ದಿನಾನ ಆರತಿ ಎತ್ತಿ ಮಂಗಲ ಮಾಡಿದ್ವಿ. ಯಾರಿಗೇನಾತು? ಆ ವರ್ಷ ಹತ್ತಿ ಇಡಾಕ ಜಾಗಾ ಇರಲಿಲ್ಲ. ತರ್ರಿ ಇಲ್ಲೆ ಆ ಪುಸ್ತಕ."

ಪುಸ್ತಕವನ್ನು ಬಿಚ್ಚಲಿಲ್ಲ. ಗಂಟನ್ನು ಹಾಗೆಯೇ ಸೆರಗಿನಲ್ಲಿ ಹಾಕಿಕೊಂಡರು, ಸೆರಗಿನ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಬಾಕಿನ ಮೇಲೆ ಎದುರುಬದುರು ಕುಳಿತು ಸೆರಗನ್ನು ತೂಗಿದೆವು. ಅವರ ಗಂಡುದನಿಯನ್ನು ಎಷ್ಟು ಸಣ್ಣದು ಮಾಡಲು ಬರುತ್ತದೋ ಅಷ್ಟು ಮಾಡಿ ಜೋಗುಳ ಹಾಡಿದರು. ಮನೆಯವರನ್ನು ಚಹಾದಂಗಡಿಗೆ ಅಟ್ಟಿ ಸಕ್ಕರೆ ತರಿಸಿದರು. ಅವರು ಮುಷ್ಟಿಯಲ್ಲೇ ಹಿಡಿದು ತಂದ ಸಕ್ಕರೆ ಬೆವರಿಗೆ ಅರ್ಧ ಕರಗಿತ್ತು. ಅದನ್ನೇ ಮೂವರೂ ಬಾಯಿಗೆ ಹಾಕಿಕೊಂಡೆವು. ಮಂಗಲ ಎಂದರು, ನಾನೂ ಮಂಗಲ ಎಂದೆ. ಹಾದುಹೋಗುತ್ತಿದ್ದ ನರ್ಸಮ್ಮ ಏನೋ ಅನ್ನಲು ಬಾಯಿ ತೆರೆದವಳು ಬೀಗತಿಯ ಮುಖ ನೋಡಿ ಮುಂದೆ ನಡೆದಳು.

ಹೆದರಿಕೆ ಹೋಯಿತೇನು? ಇಲ್ಲ. ಒಳಗಿನಿಂದ ಕೂಸಿನ ಅಳು ಕೇಳಿಸಿತು, ಆಮೇಲೆ ಬಾಗಿಲು ತೆರೆಯಲೇ ಇಲ್ಲ. ಕೂಸು ಅಳುತ್ತಿದೆ, ನನ್ನ ಮಗಳ ದನಿ ಇಲ್ಲ. ಆ ಹೊತ್ತು ಎಷ್ಟು ಎಂದು ನನಗೆ ಹೇಳಲು ಬಾರದು. ಬೀಗತಿಯ ಸೆರಗು ಇನ್ನೂ ನನ್ನ ಕೈಯಲ್ಲೇ ಇತ್ತು, ಅದನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದೆ. ಬಿಡಿರಿ ಎಂದು ಅವರೂ ಅನ್ನಲಿಲ್ಲ.

ಬಾಗಿಲು ತೆರೆಯಿತು. "ಹೆಣ್ಣಕೂಸು," ಅಂದಳು ನರ್ಸಮ್ಮ.

"ಮಗಳು?" ಎಂದು ನಾನು ಕಿರುಚಿದೆನಂತೆ.

"ಕಣ್ಣ ತಗದಾರ. ನಮ್ಮವ್ವ ರಾಮದುರ್ಗದಿಂದ ಬಂದ್ಲೇನು, ಪುಸ್ತಕ ಸಿಕ್ತೇನು ಅಂತ ಕೇಳಾಕತ್ತಾರ. ಯಾ ಪುಸ್ತಕರಿ ಅದು?"

ನಾನು ಅಂಟು ತರಲು ಹೋದದ್ದಲ್ಲ ಎಂದು ಮಗಳಿಗೆ ಮೊದಲೇ ಗೊತ್ತಿತ್ತು!

ಬಾಣಂತನ ಮುಗಿಯಿತು. ಕೂಸು ನಗಲು ಕಲಿತಿತು, ನನ್ನ ಮೂಗು ಹಿಡಿದು ಎಳೆಯಲು ಕಲಿತಿತು. ಐದನೆಯ ತಿಂಗಳಲ್ಲಿ ಬೀಗತಿ ಬಂದು ಬಾಣಂತಿಯನ್ನೂ ಕೂಸನ್ನೂ ಕಿತ್ತೂರಿಗೆ ಕರೆದುಕೊಂಡು ಹೋದರು. ಬಸ್ಸು ಹತ್ತಿಸಿ ಮನೆಗೆ ಬಂದು, ಬೇರೆ ಏನೂ ತೋಚದೆ ಅಕ್ಕೋರ ಗಂಟು ಬಿಚ್ಚಿದೆ.

ಸೂಲಗಿತ್ತಿ ಹೊಳೆ ದಾಟಿ ಬಂದಿದ್ದಳು. ಆ ಹುಡುಗಿ ಬದುಕಿದ್ದಳು, ಕೂಸೂ ಬದುಕಿತ್ತು. ಯಾರೂ ಸತ್ತಿರಲಿಲ್ಲ. ಕೊನೆಯ ಹಾಳೆಗಳಲ್ಲಿ ಇದ್ದದ್ದು ಇಷ್ಟೇ: ಹೊಳೆ ಇಳಿದ ಮೇಲೆ ಹುಡುಗಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗಲು ದೋಣಿ ಹತ್ತುತ್ತಾಳೆ. ತಾಯಿ ದಂಡೆಯಲ್ಲಿ ಕುಳಿತು ಕೂಸಿಗೆ ಹಾಲು ಕುಡಿಸುವ ಒಳಲೆ ತೊಳೆಯುತ್ತಾಳೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾಳೆ. ದೋಣಿ ಕಾಣದಾದ ಮೇಲೂ ತೊಳೆಯುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಅಕ್ಕೋರು ಬೇಡ ಎಂದದ್ದು ಇದನ್ನು. ನಮ್ಮ ಒಳಲೆ ಒಲೆಯ ಪಕ್ಕದಲ್ಲೇ ಉಳಿದಿತ್ತು. ನಾನು ಅದನ್ನು ತೊಳೆಯಲಿಲ್ಲ. ಹಾಗೆಯೇ ಎತ್ತಿಟ್ಟೆ.

ಹೆಣ್ಣು ಹಡೆದವರೆಲ್ಲ ಈ ಪುಸ್ತಕ ಓದಬೇಕು. ಮಗಳು ಮನೆಯಲ್ಲಿರುವಾಗ ಮಾತ್ರ ಕೊನೆಯ ಹಾಳೆ ತೆರೆಯಬೇಡಿ. ಬೇಕಾದವರು ನಮ್ಮ ಮನೆಗೆ ಬರಬೇಕು. ಮೊದಲ ಭಾಗ ವಾಚನಾಲಯದಲ್ಲಿದೆ, ಕೊನೆಯದು ನನ್ನ ಹತ್ತಿರ. ಇಟ್ಟುಕೊಳ್ಳಿರಿ ಎಂದು ಅಕ್ಕೋರು ನನಗೇ ಬಿಟ್ಟುಕೊಟ್ಟಿದ್ದಾರೆ.

ಈ ರಜೆಯಲ್ಲಿ ಮೊದಲ ಭಾಗವನ್ನು ವಾಚನಾಲಯದಿಂದ ತರಿಸಿ, ಎರಡನ್ನೂ ಮಣೆಯ ಮೇಲೆ ಜೋಡಿಸಿಟ್ಟು ಮೊಮ್ಮಗಳು, ಅಂದಿನ ಆ ಕೂಸೇ, ಓದಿದಳು, ನಾನು ಕೇಳಿದೆ. ಕಂದೀಲಿನ ಜಾಗ ಬಂದಾಗ ನಾನು ಅವಳ ಲಂಗದ ತುದಿ ಹಿಡಿದುಕೊಂಡಿದ್ದೆನಂತೆ.

"ಆಯಿ, ಯಾಕ ಅಂಜತಿ? ನಿನಗ ಮುಂದಿಂದು ಗೊತ್ತೈತೆಲ್ಲ."

"ಗೊತ್ತೈತಿ. ನೀ ಓದೂತನಕ ನಂಬಾಕ ಆಗೂದಿಲ್ಲ."

ಕೂಸು ಹುಟ್ಟಿತು. ಅವಳ ಬಾಯಿಗೆ ಸಕ್ಕರೆ ಹಾಕಿದೆ. ಇನ್ನು ಉಳಿದದ್ದು ದೋಣಿಯ ಹಾಳೆಗಳು. ನಾಳೆ ಅವಳು ಕಿತ್ತೂರಿಗೆ ಹೊರಟಿದ್ದಾಳೆ. ಅವಳು ಹಾಳೆ ತಿರುವಲು ಕೈ ಹಾಕಿದಾಗ ನಾನು ಪುಸ್ತಕ ಮುಚ್ಚಿ, ಅಕ್ಕೋರ ದಾರವನ್ನೇ ಮತ್ತೆ ಕಟ್ಟಿದೆ. ಹಚ್ಚಿದ್ದನ್ನು ನಡುವೆ ನಿಲ್ಲಿಸುವ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

"ಮಂಗಲಾ ಮಾಡದ ಬಿಟ್ರ ಏನಾಕ್ಕೈತಿ ಆಯಿ?"

"ಏನಾಗೂದಿಲ್ಲ. ನೀ ಮತ್ತ ಬರಬೇಕಾಕ್ಕೈತಿ, ಅಷ್ಟ."